ನಮ್ಮನೆ ಬೆಲ್ಲು ಮತ್ತು ಇಬ್ಬರು ಎಲ್ಡರುಗಳು

ನಮ್ಮ ಮನೆಯ ಕಾಲಿಂಗ್ ಬೆಲ್ಲನ್ನು ಒಂದು ಸಲ ಒತ್ತಿದರೆ ಅದು ಮೂರು ಸಲ ‘ಓಂ ನಮಃ ಶಿವಾಯ’ ಅನ್ನುತ್ತದೆ. ನಡುವೆ ಅದರ ಬಾಯಿ ಮುಚ್ಚಿಸುವ ಉಪಾಯ ಯಾರಿಗೂ ಗೊತ್ತಿಲ್ಲ. ಕೊರಿಯರಿನವನು ಒತ್ತಲಿ, ವೋಟು ಕೇಳುವವರು ಒತ್ತಲಿ, ಮೀಟರ್ ನೋಡಲು ಬಂದವನು ಒತ್ತಲಿ, ತನ್ನ ಜಪ ಮುಗಿಸಿಯೇ ಅದು ಸುಮ್ಮನಾಗುವುದು. ಅವಸರಪಟ್ಟು ಎರಡನೇ ಸಲ ಒತ್ತಿದವರು ಮತ್ತೆ ಮೊದಲಿನಿಂದ ಕೇಳಬೇಕು.

ಇದನ್ನು ತಂದವರು ನಮ್ಮನೆಯವರು. ತುಮಕೂರಿನ ಚರ್ಚ್ ಸರ್ಕಲ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಂಡದ್ದು. ಅಂಗಡಿಯವನು ಗುಬ್ಬಚ್ಚಿ ಕೂಗುವ ಬೆಲ್ಲನ್ನೂ ತೋರಿಸಿದನಂತೆ. ‘ನೀನು ನಿಜವಾದ ಗುಬ್ಬಚ್ಚಿ ಅಂದ್ಕೊಂಡು ಒಳಗೇ ಕೂತಿರ್ತೀಯ’ ಅಂತ ನನ್ನ ಮೇಲೆ ಹಾಕಿ ಇದನ್ನು ಆರಿಸಿಕೊಂಡು ಬಂದರು. ನಿಜವಾದ ಕಾರಣ ಬೇರೆ. ಅಂತರಸನಹಳ್ಳಿಯ ಕಾರ್ಖಾನೆಯಿಂದ ಶಿಫ್ಟು ಮುಗಿಸಿಕೊಂಡು ಬರುವಾಗ ಬಾಗಿಲು ಅಗಲವಾಗಿ ತೆರೆದಿದ್ದರೂ, ನಾನು ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದರೂ, ಅವರು ಬೆಲ್ ಒತ್ತಿಯೇ ಒಳಗೆ ಬರುತ್ತಿದ್ದರು. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತು, ಮೂರು ಸಲವೂ ಕೇಳಿಸಿಕೊಂಡು, ಆಮೇಲೆ ‘ಕಾಫಿ’ ಅನ್ನುತ್ತಿದ್ದರು. ಮೊದಲು ಶಿವ, ಆಮೇಲೆ ಕಾಫಿ, ಕೊನೆಗೆ ನಾನು. ಈ ವರಸೆಯ ಬಗ್ಗೆ ನನಗೆ ತಕರಾರಿತ್ತು. ಈಗ ತಕರಾರು ಹೇಳೋಣವೆಂದರೆ ಅವರಿಲ್ಲ, ಲಿಂಗೈಕ್ಯರಾಗಿ ವರ್ಷದ ಮೇಲಾಯಿತು. ಬೆಲ್ ಇದೆ. ಅದೂ ಕರೆಂಟಿನದು, ಸೆಲ್ ಬದಲಾಯಿಸುವ ತಾಪತ್ರಯವಿಲ್ಲ. ಶಿವ ನನಗೆ ದೊಡ್ಡ ಏಟನ್ನೇ ಕೊಟ್ಟ. ಆದರೆ ಇಂಥ ಸಣ್ಣ ಸಣ್ಣ ದಯೆಗಳಲ್ಲಿ ಅವನು ಜಿಪುಣನಲ್ಲ.

ಆ ಬೆಲ್ಲನ್ನು ಒಂದು ಬೆಳಿಗ್ಗೆ ಇಬ್ಬರು ಮಾರ್ಮನ್ ಹುಡುಗರು ಒತ್ತಿದರು.

ಮಾರ್ಮನ್ ಅಂದರೆ ಏನು ಅಂತ ನನಗೂ ಅವತ್ತು ಗೊತ್ತಿರಲಿಲ್ಲ, ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ. ಯೇಸುವನ್ನು ನಂಬುವವರಲ್ಲೇ ಒಂದು ಬಗೆ. ತಮ್ಮ ಧರ್ಮ ಹೇಳಲಿಕ್ಕೆ ಎಳೆ ಪ್ರಾಯದಲ್ಲೇ ಮನೆ ಬಿಟ್ಟು ಬಂದು, ಕಾಣದ ಊರಿನಲ್ಲಿ ಇಬ್ಬಿಬ್ಬರಾಗಿ ತಿರುಗುತ್ತಾರೆ. ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಹೆಸರಿನ ಪಟ್ಟಿ. ನಾನು ವಾಟರ್ ಫಿಲ್ಟರ್ ಮಾರುವವರು ಅಂದುಕೊಂಡೆ. ಬಾಗಿಲು ತೆಗೆದಾಗ ಇಬ್ಬರೂ ಕೈಕಟ್ಟಿ, ಕಣ್ಣು ತಗ್ಗಿಸಿ ನಿಂತಿದ್ದರು. ಬೆಲ್ಲಿನ ಮೂರನೇ ‘ನಮಃ ಶಿವಾಯ’ ನಡೆದಿತ್ತು.

‘ಪೂಜೆ ಆಗ್ತಿದೆ ಅನ್ಸುತ್ತೆ ಅಮ್ಮ. ನಾವು ಆಮೇಲೆ ಬರ್ತೀವಿ’ ಅಂದ ಗಿಡ್ಡನೆಯವನು. ಕನ್ನಡದಲ್ಲಿ ತೆಲುಗು ಬೆರೆತಿತ್ತು.

‘ಇಲ್ಲಪ್ಪ, ಅದು ನಮ್ಮ ಬೆಲ್ಲು’ ಅಂದೆ.

ಏನಾದರೂ ಸಹಾಯ ಬೇಕಾ ಅಂತ ಕೇಳಿದರು. ಬಾಗಿಲಿಗೆ ಬಂದವರು ಏನಾದರೂ ಕೇಳುತ್ತಾರೆ, ಇಲ್ಲ ಮಾರುತ್ತಾರೆ. ಸಹಾಯ ಬೇಕಾ ಅಂದವರನ್ನು ನಾನು ಕಂಡಿರಲಿಲ್ಲ. ಗ್ಯಾಸಿನವನು ಸಿಲಿಂಡರನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಹೋಗಿದ್ದ. ಬಂದದ್ದು ಬಂದಿದ್ದಾರೆ ಅಂತ ಅದನ್ನು ತೋರಿಸಿದೆ. ಇಬ್ಬರೂ ಟೈಯನ್ನು ಅಂಗಿಯೊಳಗೆ ತುರುಕಿಕೊಂಡು ಎತ್ತಿಕೊಂಡು ಬಂದರು. ಹೊಸ್ತಿಲ ಹತ್ತಿರ ಬಂದು ತಟ್ಟನೆ ನಿಂತರು.

‘ಒಳಗೆ ಯಾರಾದ್ರೂ ಇದಾರಾ ಅಮ್ಮ?’

‘ನಾನಿದೀನಲ್ಲ.’

‘ನಿಮ್ಮನ್ನ ಬಿಟ್ಟು.’

ಕಳ್ಳರು ಕೇಳುವುದೂ ಹೀಗೇ. ನಾನು ಸೆರಗು ಬಿಗಿ ಮಾಡಿಕೊಂಡೆ. ಆಮೇಲೆ ಅವನೇ ಬಿಡಿಸಿ ಹೇಳಿದ. ಹೆಂಗಸು ಒಬ್ಬಳೇ ಇರುವ ಮನೆಯೊಳಗೆ ಅವರು ಕಾಲಿಡುವಂತಿಲ್ಲವಂತೆ, ಅವರ ಕಟ್ಟಳೆ. ಭಾರ ತಡೆಯಲಾರದೆ ಅಷ್ಟು ಹೊತ್ತಿಗೆ ಸಿಲಿಂಡರನ್ನು ಇಳಿಸಿಬಿಟ್ಟಿದ್ದರು. ಎಲ್ಲಿ ಅಂತೀರಿ? ಸರಿಯಾಗಿ ಹೊಸ್ತಿಲ ಮೇಲೆ. ಬೆಳಿಗ್ಗೆ ತೊಳೆದು, ಅರಿಶಿನ ಕುಂಕುಮ ಇಟ್ಟು, ರಂಗೋಲಿ ಎಳೆ ಬಿಟ್ಟಿದ್ದ ಹೊಸ್ತಿಲು. ಅದರ ಮೇಲೆ ಕೆಂಪು ಸಿಲಿಂಡರ್ ದೇವರ ಹಾಗೆ ಪ್ರತಿಷ್ಠಾಪನೆಯಾಯಿತು.

‘ಹೊಸ್ತಿಲ ಮೇಲೆ ಇಡಬಾರ್ದು ಕಣಪ್ಪ. ಒಳಗಾದ್ರೂ ಇಡು, ಹೊರಗಾದ್ರೂ ಇಡು’ ಅಂದೆ. ಪಾಪ, ಮತ್ತೆ ಎತ್ತಿ ಹೊರಗಿಟ್ಟರು. ನಾನೇ ಉರುಳಿಸಿಕೊಂಡು ಒಳಗೆ ತಂದೆ. ಅವರಿಗೆ ಅವರ ಕಟ್ಟಳೆ, ನನಗೆ ನನ್ನದು. ಕಟ್ಟಳೆಯಿರುವವರನ್ನು ಕಂಡರೆ ನನಗೆ ಮೊದಲಿನಿಂದ ಗೌರವ.

ಹೊಸ್ತಿಲ ಮಾತು ಬಂತು, ಹೇಳಿಬಿಡುತ್ತೇನೆ. ಗಂಡ ಹೋದ ಮೇಲೂ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡ್ತೀರಲ್ಲ ಗಿರಿಜಕ್ಕ ಅಂತ ಎದುರು ಮನೆಯ ಸರೋಜಮ್ಮ ಕೇಳಿದ್ದಳು. ಹೊಸ್ತಿಲಿನ ಗಂಡ ಹೋಗಿಲ್ಲವಲ್ಲ ಅಂದೆ. ಆಮೇಲೆ ಒಂದು ವಾರ ಅವಳು ಕರಿಬೇವು ಕೇಳಲು ಬರಲಿಲ್ಲ.

ಅವರ ಎದೆಯ ಪಟ್ಟಿಯ ಮೇಲೆ ಒಬ್ಬನಿಗೆ ಎಲ್ಡರ್ ಬಾಬು ಅಂತ, ಇನ್ನೊಬ್ಬನಿಗೆ ಎಲ್ಡರ್ ತಮಾಂಗ್ ಅಂತ ಇತ್ತು. ಬಾಬು ಗುಂಟೂರಿನ ಕಡೆಯವನು. ತಮಾಂಗ್ ಡಾರ್ಜಿಲಿಂಗಿನವನು, ಎತ್ತರದ ಆಳು, ಕನ್ನಡ ಬಾರದು, ನಗು ಬರುತ್ತಿತ್ತು. ಎಲ್ಡರ್ ಅಂದರೆ ಹಿರಿಯರು ಅಂತಂತೆ. ಇಬ್ಬರಿಗೂ ಮೀಸೆ ಇನ್ನೂ ಹೋಗಲೋ ಬರಲೋ ಅನ್ನುತ್ತಿತ್ತು. ಸರೋಜಮ್ಮ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ತವರು ಕುಣಿಗಲ್ ತಾಲ್ಲೂಕಿನ ಅಮೃತೂರು. ಅಲ್ಲಿ ಭಿಕ್ಷಕ್ಕೆ ಬರುವ ಜಂಗಮ ಅಯ್ಯನವರು ಬಾಗಿಲಲ್ಲಿ ಗಂಟೆ ಆಡಿಸುತ್ತಿದ್ದರು. ಒಂದು ಸಲ ದೊಡ್ಡ ಅಯ್ಯನವರಿಗೆ ಜ್ವರವೆಂದು ಅವರ ಮಗ ಬಂದಿದ್ದ. ನನ್ನ ಸ್ಕೂಲಿನಲ್ಲೇ ಓದುತ್ತಿದ್ದವನು, ಹಿಂದಿನ ದಿನವಷ್ಟೇ ನನ್ನ ಬಳಪ ಮುರಿದಿದ್ದ. ಅಂಥವನಿಗೆ ನಮ್ಮಜ್ಜಿ ಕಾಲು ತೊಳೆದು ಅಡ್ಡಬಿದ್ದಳು. ನನ್ನನ್ನೂ ಬೀಳಿಸಿದಳು. ಬಿದ್ದಲ್ಲಿಂದಲೇ ಅವನ ಹೆಬ್ಬೆರಳು ಚಿವುಟಿದೆ, ಅದು ಬೇರೆ ಮಾತು. ಹೀಗಾಗಿ ಹಿರಿತನಕ್ಕೂ ಮೀಸೆಗೂ ಸಂಬಂಧವಿಲ್ಲ ಅನ್ನುವುದು ನಾನು ಮಂಡಿ ಸವೆಸಿ ಕಲಿತ ಪಾಠ.

ಅದೇ ಅಜ್ಜಿ, ಗುರುವಾರ ಲೋಬಾನದ ಹೊಗೆ ಹಾಕಿಕೊಂಡು ಬರುತ್ತಿದ್ದ ಫಕೀರ್ ಸಾಬಿಗೆ ರಾಗಿ ಹಾಕಿ, ಆ ಹೊಗೆಯನ್ನು ಎರಡೂ ಕೈಯಲ್ಲಿ ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ನೆರೆಯ ಯಾರೋ ಹೆಂಗಸು ಇದೇನು ಅಂತ ಆಡಿಕೊಂಡದ್ದಕ್ಕೆ ಅಜ್ಜಿ ಕೇಳಿದ್ದು ಒಂದೇ ಮಾತು: ‘ಹೊಗೆ ತಗುಲುದ್ರೆ ಕರಗಿ ಓಗಕೆ ನನ್ನ ಲಿಂಗ ಏನು ಬೆಲ್ಲದ್ದಾ?’ ಅಜ್ಜಿಯ ಒಡವೆಯೆಲ್ಲ ಅತ್ತೆಯರ ಪಾಲಿಗೆ ಹೋಯಿತು. ಈ ಮಾತು ನನಗೆ ಉಳಿಯಿತು.

ಹುಡುಗರು ಆಗಾಗ ಬರತೊಡಗಿದರು. ಒಳಗೆ ಬರುವಂತಿಲ್ಲ, ಆದ್ದರಿಂದ ಕಾಂಪೌಂಡಿನೊಳಗೆ ನುಗ್ಗೆಮರದ ಕೆಳಗಿರುವ ಕಟ್ಟೆಯೇ ಅವರಿಗೆ ನಡುಮನೆ. ಮೊದಲ ದಿನ ಕಾಫಿ ಬೆರೆಸಿಕೊಂಡು ಹೋದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕಾಫಿ ಕುಡಿಯುವಂತಿಲ್ಲವಂತೆ. ಟೀ ಕೂಡ ಇಲ್ಲ. ದೇವರ ಅಪ್ಪಣೆ. ನನಗೆ ಅವರ ಧರ್ಮದ ಬಗ್ಗೆ ಅಲ್ಲಿಯತನಕ ಯಾವ ಅಭಿಪ್ರಾಯವೂ ಇರಲಿಲ್ಲ. ಕಾಫಿ ಬೇಡವೆನ್ನುವ ದೇವರು ನಮ್ಮ ಮನೆಗೆ ಆಗಿಬರುವುದಿಲ್ಲ ಅಂತ ಅವತ್ತೇ ಗೊತ್ತಾಯಿತು. ಎರಡು ಲೋಟವನ್ನೂ ನಾನೇ ಕುಡಿದು, ಅವರಿಗೆ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟೆ.

ಅವರು ಅವರ ದೇವರ ಕಥೆ ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ. ಕೇಳಿದರೆ ಕರಗುವುದಕ್ಕೆ ನನ್ನದೂ ಬೆಲ್ಲದ್ದಲ್ಲವಲ್ಲ. ಒಂದು ದಿನ ನಿಮಗಾಗಿ ಏನು ಪ್ರಾರ್ಥನೆ ಮಾಡಬೇಕು ಅಂತ ಕೇಳಿದರು. ಮಂಡಿನೋವು ಅಂದೆ. ಕಣ್ಣು ಮುಚ್ಚಿ ತುಂಬ ಮನಸ್ಸಿಟ್ಟು ಬೇಡಿಕೊಂಡರು. ನೋವು ಹೋಗಲಿಲ್ಲ. ಹೆಚ್ಚಾಗಲೂ ಇಲ್ಲ. ಶಿವ ಆ ಮಕ್ಕಳ ಮರ್ಯಾದೆ ಉಳಿಸಿದ.

ಹೀಗೇ ಇದ್ದಿದ್ದರೆ ಬರೆಯುವಂಥದ್ದೇನೂ ಇರುತ್ತಿರಲಿಲ್ಲ. ಆದರೆ ಒಂದು ಸಂಜೆ ಬಾಬು ತೆರೆದ ಬಾಗಿಲಿನಿಂದ ಗೋಡೆಯ ಮೇಲಿನ ನಮ್ಮನೆಯವರ ಫೋಟೊ ನೋಡಿದ. ನೋಡಿ, ಬಹಳ ಮೆತ್ತಗೆ ಹೇಳಿದ: ‘ಅಮ್ಮ, ಅಂಕಲ್ ನಿಮಗೆ ಮತ್ತೆ ಸಿಗ್ತಾರೆ. ನಮ್ಮಲ್ಲಿ ಮದುವೆ ಸಾವಿಗೆ ಮುಗಿಯಲ್ಲ. ಗಂಡ ಹೆಂಡ್ತಿ ಯಾವಾಗ್ಲೂ ಒಟ್ಟಿಗೇ ಇರಬಹುದು. ನೀವು ದೀಕ್ಷಾಸ್ನಾನ ತಗೊಂಡ್ರೆ...’

ಆ ಮಾತು ನಾಟಿತು ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸಂಜೆ ಹೊತ್ತು, ಶಿಫ್ಟು ಬಿಡುವ ಸಮಯ ಬೇರೆ. ಗೇಟಿನ ಕಡೆ ಕಣ್ಣು ತಾನಾಗಿ ಹೋಯಿತು. ಯಾರಾದರೂ ನಮ್ಮ ಮನೆಯ ಮಾತಿನಲ್ಲೇ ಸಮಾಧಾನ ಹೇಳಿದ್ದರೆ ಅತ್ತು ಮುಗಿಸುತ್ತಿದ್ದೆ. ಇವನು ಬೇರೆಯವರ ಬಾಗಿಲನ್ನು ತೋರಿಸಿ, ನಿನ್ನ ಗಂಡ ಅದರಾಚೆ ಇದ್ದಾನೆ, ನಿನ್ನದನ್ನು ಬಿಟ್ಟು ಬಾ ಅನ್ನುತ್ತಿದ್ದಾನೆ. ಕೆಟ್ಟ ಮನಸ್ಸಿನಿಂದಲ್ಲ, ಒಳ್ಳೆಯ ಮನಸ್ಸಿನಿಂದಲೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

‘ನಿಮ್ಮ ಸ್ವರ್ಗದಲ್ಲಿ ಕಾಫಿ ಕೊಡ್ತಾರಾ?’ ಅಂತ ಕೇಳಿದೆ.

ಬಾಬು ಕೈಲಿದ್ದ ಪಾನಕದ ಲೋಟ ಕೆಳಗಿಟ್ಟ.

‘ಕೊಡಲ್ಲ ಅಂದ್ರೆ ಅವರು ಅಲ್ಲಿ ಒಂದು ದಿನಾನೂ ಇರಲ್ಲಪ್ಪ’ ಅಂದೆ. ನಗಿಸಿ ಮುಗಿಸೋಣ ಅಂತಿದ್ದೆ. ನನಗೇ ನಗು ಬರಲಿಲ್ಲ.

ನಮ್ಮಲ್ಲಿ ಮಲಗಿಸಿ ಮಣ್ಣು ಮಾಡುವುದಿಲ್ಲ. ಗುಂಡಿಯಲ್ಲಿ ಕೂರಿಸುತ್ತಾರೆ, ಪೂಜೆಗೆ ಕೂತ ಹಾಗೆ. ಮೈಗೆಲ್ಲ ವಿಭೂತಿ, ಎಡಗೈಯಲ್ಲಿ ಅವರದೇ ಇಷ್ಟಲಿಂಗ. ಅವತ್ತು ಕಡೆಯದಾಗಿ ನಾನು ಕಂಡದ್ದು ಅದೇ, ಗ್ರೀಸು ಹಿಡಿದು ಗಡುಸಾದ ಆ ಅಂಗೈ, ಅದರಲ್ಲಿ ಲಿಂಗ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ದಿನವೂ ಹಾಗೇ ಕೂರುತ್ತಿದ್ದವರು. ಎಲ್ಲಿಗೋ ಹೋದರು ಅಂತ ನನಗೆ ಅನ್ನಿಸಲೇ ಇಲ್ಲ. ಪೂಜೆಯಿಂದ ಏಳಲಿಲ್ಲ, ಅಷ್ಟೆ.

‘ನೋಡಪ್ಪ ಬಾಬು, ನಮ್ಮನೆಯವರು ಎಲ್ಲೂ ಕಾಯ್ತಾ ಕೂತಿಲ್ಲ’ ಅಂದೆ. ‘ಶಿವನಲ್ಲಿ ಸೇರಿಹೋದ್ರು. ಆ ಶಿವ ಇಲ್ಲಿದಾನೆ.’ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಮುಟ್ಟಿ ತೋರಿಸಿದೆ, ನನ್ನ ಲಿಂಗ ಇರುವುದು ಅದರಲ್ಲೇ. ‘ದಿನಾ ಬೆಳಿಗ್ಗೆ ಅಂಗೈ ಮೇಲೆ ಇಟ್ಕೊಂಡು ಕೂರ್ತೀನಿ. ನೀನು ಮುಂದೆ ಯಾವತ್ತೋ ಕೊಡಿಸ್ತೀನಿ ಅಂತಿರೋದು ಈಗಾಗ್ಲೇ ನನ್ನ ಕೈಲಿದೆ. ನೀನು ಬರ್ತಿರು, ಬೇಡ ಅನ್ನಲ್ಲ. ಆದ್ರೆ ಈ ಮಾತು ಇಲ್ಲಿಗೆ ಮುಗೀತು.’

ಬಾಬು ಅದನ್ನೆಲ್ಲ ತಮಾಂಗನಿಗೆ ಇಂಗ್ಲಿಷಿನಲ್ಲಿ ಹೇಳಿದ. ತಮಾಂಗ್ ಲೋಟದ ತಳ ನೋಡುತ್ತಾ ಏನೋ ಅಂದ. ಏನಂತೆ ಅಂದೆ. ‘ಅವನ ಅಜ್ಜಿನೂ ಹಿಂಗೇ ಬೈತಾಳಂತೆ’ ಅಂದ ಬಾಬು. ಆ ಅಜ್ಜಿಯನ್ನು ನಾನು ಕಂಡಿಲ್ಲ. ಅವತ್ತು ಅಮೃತೂರಿನಿಂದ ಡಾರ್ಜಿಲಿಂಗಿಗೆ ಒಂದು ನಂಟಸ್ತನ ಕುದುರಿತು.

ವರ್ಷದ ಪುಣ್ಯಸ್ಮರಣೆ ಬಂತು. ಅಯ್ಯನವರನ್ನು ಕರೆಸಿ, ಪಾದಪೂಜೆ ಮಾಡಿ, ಬಂದವರಿಗೆಲ್ಲ ಪ್ರಸಾದ. ನಮ್ಮನೆಯವರು ಇದ್ದಾಗ ಮನೆಗೆ ಬಂದವರನ್ನು ಉಣ್ಣದೆ ಕಳಿಸಿದವರಲ್ಲ. ಆ ಹುಡುಗರು ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕೂತು ಪಾನಕ ಕುಡಿದು ಹೋಗಿದ್ದರು. ಮನೆ ತುಂಬ ಜನ ಇರುವ ದಿನ ಒಳಗೆ ಬರಲು ನಿಮ್ಮ ಕಟ್ಟಳೆಯ ಅಡ್ಡಿಯಿಲ್ಲವಲ್ಲ ಅಂತ ಕೇಳಿದೆ. ಇಲ್ಲ ಅಂದರು. ಹಾಗಾದರೆ ಊಟಕ್ಕೆ ಬನ್ನಿ ಅಂದೆ.

ಸರೋಜಮ್ಮನ ಮನೆಯ ಕಿಟಕಿ ನಮ್ಮ ಕಟ್ಟೆಗೆ ನೇರ. ಸುದ್ದಿ ಗುಬ್ಬಿಗೆ ಬಸ್ಸಿಗಿಂತ ಬೇಗ ಹೋಯಿತು. ಗುಬ್ಬಿಯಲ್ಲಿರುವುದು ನಮ್ಮನೆಯವರ ಅಣ್ಣ, ಶಿವಣ್ಣ ಭಾವ. ಮನೆತನಕ್ಕೆ ಈಗ ಅವರೇ ಹಿರಿಯರು. ಅವರು ಕೂತರೆ ಎಲ್ಲರೂ ಕೂರುತ್ತಾರೆ, ಎದ್ದರೆ ಎಲ್ಲರೂ ಏಳುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಅವರೆದುರು ಅಡಿಗೆಮನೆ ಬಾಗಿಲ ಮರೆಯಿಂದಲೇ ಮಾತಾಡಿದವಳು. ಫೋನು ಬಂತು.

‘ಏನಮ್ಮ ಗಿರಿಜಾ, ಅದ್ಯಾರೋ ಟೈ ಕಟ್ಟಿದವ್ರು ಬರ್ತಾವ್ರಂತೆ ಮನೆ ತಾವ.’

‘ಬರ್ತಾರೆ ಭಾವ.’

‘ಊಟಕ್ಕೂ ಕರ್ದಿದೀಯಂತೆ.’

‘ಕರ್ದಿದೀನಿ.’

‘ಜನ ಏನಂತಾವ್ರೆ ಗೊತ್ತಾ? ಗಂಡ ಇಲ್ದೋಳ್ನ ಜಾತಿ ಕೆಡಿಸ್ತಾವ್ರೆ ಅಂತ. ಅವ್ರು ಆ ಹೊಸ್ತಿಲು ದಾಟಿದ್ರೆ ನಾನು ದಾಟಲ್ಲ. ನಾನಿಲ್ದೆ ನನ್ನ ತಮ್ಮನ ಪೂಜೆ ಅದ್ಹೆಂಗೆ ನಡೆಸ್ತೀಯೋ ನೋಡ್ತೀನಿ.’

ಫೋನಿನಲ್ಲಿ ಮರೆಯಾಗಲು ಬಾಗಿಲಿಲ್ಲ. ಅದೂ ಒಂದು ದಯೆಯೇ ಅನ್ನಿ. ‘ಎಲೆ ನಿಮಗೂ ಹಾಕಿರ್ತೀನಿ ಭಾವ, ಅವರಿಗೂ ಹಾಕಿರ್ತೀನಿ. ಯಾವ ಎಲೇನೂ ತೆಗೆಯಲ್ಲ’ ಅಂದೆ.

ಫೋನು ಕಟ್ಟಾಯಿತು. ವಾರಗಿತ್ತಿ ಮಂಗಳಕ್ಕ, ಭಾವನ ಹೆಂಡತಿ, ಆಮೇಲೆ ಗುಟ್ಟಾಗಿ ಫೋನು ಮಾಡಿದಳು. ಎರಡು ಎಲೆ ತಾನೆ, ಇನ್ನೊಂದಿನ ಹಾಕಿದರಾಯಿತು, ಇವರು ಬರದಿದ್ದರೆ ನಾಳೆ ನಿನ್ನ ಕಷ್ಟಕ್ಕೆ ಗುಬ್ಬಿಯಿಂದ ಒಂದು ನಾಯಿಯೂ ಬರುವುದಿಲ್ಲ ಅಂತ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕುಣಿಗಲ್ಲಿನಲ್ಲಿರುವ ಮಗಳನ್ನು ಬಿಟ್ಟರೆ ನನಗಿರುವ ಜನ ಅವರೇ. ಆದರೆ ನನ್ನ ದೇವರನ್ನು ಬಿಡು ಅಂದ ಬಾಬುವಿಗೆ ಆಗಲ್ಲ ಅಂದವಳು, ಬಂದವರನ್ನು ಬಿಡು ಅಂದ ಭಾವನಿಗೆ ಆಗಲಿ ಅಂದರೆ, ಬೆಳಿಗ್ಗೆ ಅಂಗೈ ನೋಡಿಕೊಳ್ಳುವುದು ಹೇಗೆ?

ಆ ದಿನ ಗುಬ್ಬಿಯಿಂದ ಕಾರು ಬಂತು. ಮಂಗಳಕ್ಕ, ಮಕ್ಕಳು, ಮೊಮ್ಮಕ್ಕಳು ಇಳಿದು ಒಳಗೆ ಬಂದರು. ಭಾವ ಬರಲಿಲ್ಲ. ನುಗ್ಗೆಮರದ ಕೆಳಗೆ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಹುಡುಗರು ಬಂದರು. ಭಾವನಿಗೆ ಕೈ ಮುಗಿದರು, ಭಾವ ನುಗ್ಗೆಕಾಯಿ ನೋಡುತ್ತಿದ್ದರು. ಹುಡುಗರು ಬೂಟು ಬಿಚ್ಚಿ, ಹೊಸ್ತಿಲ ಮುಂದೆ ನಿಂತು, ತುಳಿಯಬಾರದು ಅನ್ನುವುದನ್ನು ನೆನಪಿಟ್ಟುಕೊಂಡು ಅದನ್ನು ಗಟಾರದ ಹಾಗೆ ಉದ್ದ ಹೆಜ್ಜೆ ಹಾಕಿ ದಾಟಿದರು. ‘ಬಲಗಾಲು, ಬಲಗಾಲು’ ಅಂದಳು ಮಂಗಳಕ್ಕ, ಅಭ್ಯಾಸಬಲ.

ಪಾದಪೂಜೆ ಆಯಿತು. ಎಲೆ ಹಾಕಿ, ಹೋಳಿಗೆ, ಕೋಸಂಬರಿ, ಪಲ್ಯ ಎಲ್ಲ ಬಡಿಸಿಯಾಯಿತು. ಸಾಲಿನ ತುದಿಯ ಎಲೆಯೊಂದರ ಮುಂದೆ ಯಾರೂ ಇಲ್ಲ. ಹಿರಿಯರು ಬರಲಿ, ಆಮೇಲೆ ಶುರು ಮಾಡೋಣ ಅಂದರು ಅಯ್ಯನವರು. ಕುಣಿಗಲ್ಲಿನಿಂದ ಬಂದಿದ್ದ ಮಗಳು ಹೋಗಿ ಕರೆದಳು, ಭಾವನ ಮೊಮ್ಮಗ ಹೋಗಿ ಕೈ ಜಗ್ಗಿದ. ಭಾವ ಅಲುಗಲಿಲ್ಲ. ಹೋಳಿಗೆಯ ಮೇಲೆ ಹಾಕಿದ ತುಪ್ಪ ಗಟ್ಟಿಯಾಗುತ್ತಿತ್ತು. ಎಲೆ ತಗೊಂಡು ಹೋಗಿ ಕಟ್ಟೆ ಮೇಲೇ ಬಡಿಸಿಬಿಡು, ಅವರ ಮಾತೂ ಉಳಿಯುತ್ತೆ ನಿನ್ನ ಪೂಜೇನೂ ನಡೆಯುತ್ತೆ ಅಂತ ಮಂಗಳಕ್ಕ ಕಿವಿಯಲ್ಲಿ ಹೇಳಿದಳು. ಆ ಕಟ್ಟೆಗೆ ಲೋಟ ಹೊತ್ತು ನನಗೂ ರೂಢಿಯೇ. ಬಗ್ಗಿ ಎಲೆಗೆ ಕೈ ಹಾಕಿದೆ. ಹಾಕಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಬರಿಗೈಯಲ್ಲಿ ಬಾಗಿಲಿಗೆ ಹೋದೆ. ಈ ಸಲ ಯಾವ ಬಾಗಿಲ ಮರೆಯಲ್ಲೂ ನಿಲ್ಲಲಿಲ್ಲ.

‘ಭಾವ, ಆ ಕಟ್ಟೆ ಮೇಲೆ ಆ ಹುಡುಗ್ರು ಇಷ್ಟು ದಿನ ಕೂತಿದ್ರು. ಒಳಗೆ ಬರಕ್ಕೆ ಅವರಿಗೆ ಅವರ ಕಟ್ಟಳೆ ಅಡ್ಡ ಇತ್ತು. ನಿಮ್ಮ ತಮ್ಮನ ಮನೆಗೆ ಬರಕ್ಕೆ ನಿಮಗೇನು ಅಡ್ಡ?’

ಉತ್ತರಕ್ಕೆ ನಿಲ್ಲದೆ ಒಳಗೆ ಬಂದೆ. ತಮಾಂಗ್ ಏನು ನಡೆಯಿತು ಅಂತ ಬಾಬುವನ್ನು ಕಣ್ಣಲ್ಲೇ ಕೇಳುತ್ತಿದ್ದ. ಶುರು ಮಾಡಿ ಅಯ್ಯನವರೇ ಅಂತ ಹೇಳಲು ಬಾಯಿ ತೆರೆದಿದ್ದೆ.

ಬೆಲ್ಲು ಹೊಡೆಯಿತು.

ಬಾಗಿಲು ಅಗಲವಾಗಿ ತೆರೆದಿತ್ತು. ತೆರೆದ ಬಾಗಿಲಿನಲ್ಲಿ ಬೆಲ್ ಒತ್ತುವವರು ಈ ಮನೆಯಲ್ಲಿ ಒಬ್ಬರೇ ಇದ್ದದ್ದು. ಒಂದು ಗಳಿಗೆ ನಾನು ‘ಕಾಫಿ’ ಅನ್ನುವ ದನಿಗೆ ಕಾದೆ. ತಿರುಗಿ ನೋಡಿದರೆ ಭಾವ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಹೊಸ್ತಿಲಾಚೆ ನಿಂತಿದ್ದರು. ಹಾಗೆ ನಿಂತಾಗ ಅಣ್ಣತಮ್ಮಂದಿರ ಬೆನ್ನು ಒಂದೇ ತರ. ಮೂರು ಸಲವೂ ಕೇಳಿಸಿಕೊಂಡರು. ಸಾಲಿನಲ್ಲಿದ್ದವರೆಲ್ಲ ಕೇಳಿದರು, ಹುಡುಗರು ಮೊದಲ ದಿನದ ಹಾಗೇ ಕೈಕಟ್ಟಿಕೊಂಡು ಕೇಳಿದರು.

‘ಬನ್ನಿ ಭಾವ’ ಅಂದೆ.

ಬಂದು ತಮ್ಮ ಎಲೆಗೆ ಕೂತರು. ಪಕ್ಕದ ಎಲೆ ತಮಾಂಗನದು. ಊಟ ಮುಗಿಯುತ್ತ ಬಂತು. ತಮಾಂಗ್ ಎಲೆಯಲ್ಲಿ ಒಂದಿಷ್ಟು ಅನ್ನ ಬಿಟ್ಟು ಏಳಲು ಹೊರಟ. ಭಾವ ಅವನ ಮೊಣಕೈ ಹಿಡಿದು ಕೂರಿಸಿದರು. ‘ಏಯ್, ಪ್ರಸಾದ ಬಿಡಬಾರ್ದು ಕಣಯ್ಯ. ಒಂದಗುಳೂ ಬಿಡಬಾರ್ದು. ಹೇಳೋ ಅವನಿಗೆ’ ಅಂತ ಬಾಬುವಿಗೆ ಗದರಿದರು. ತಮಾಂಗ್ ಎಲೆ ನುಣ್ಣಗೆ ಮಾಡಿದ. ನಮ್ಮ ಮನೆಯ ಹುಡುಗರಿಗೆ ಭಾವ ಗದರುವುದೂ ಅದೇ ದನಿಯಲ್ಲಿ.

ಹೊರಡುವಾಗ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಅಂದರು ಭಾವ. ನನಗೆ ಹೇಳಿದ್ದು ಅಷ್ಟೇ. ಇವತ್ತಿಗೂ ಸಿಟ್ಟು ಪೂರಾ ಇಳಿದಿಲ್ಲ. ಫೋನು ಮಾಡಿದರೆ ಮಂಗಳಕ್ಕನ ಕೈಗೆ ಕೊಡುತ್ತಾರೆ. ಕೊಡಲಿ, ಫೋನು ಎತ್ತುತ್ತಾರಲ್ಲ, ಅದೂ ಒಂದು ದಯೆ. ಸರೋಜಮ್ಮ ಕಿಟಕಿಗೆ ಹೊಸ ಪರದೆ ಹಾಕಿಸಿದ್ದಾಳೆ, ಆಚೆಯದೆಲ್ಲ ಕಾಣುವಷ್ಟು ತೆಳುವಾದದ್ದು.

ಬಾಬುವಿಗೆ ಬೇರೆ ಊರಿಗೆ ವರ್ಗವಾಯಿತು. ಅವನ ಜಾಗಕ್ಕೆ ಇನ್ನೊಬ್ಬ ಎಲ್ಡರ್ ಬಂದಿದ್ದಾನೆ, ತಮಾಂಗನ ಜೊತೆ. ಹೊಸಬ ಮೊನ್ನೆ ಗೋಡೆಯ ಫೋಟೊ ನೋಡಿ ಮೆತ್ತಗೆ ಗಂಟಲು ಸರಿಮಾಡಿಕೊಂಡ. ತಮಾಂಗ್ ಅವನ ಕಾಲು ತುಳಿದದ್ದು ನನಗೆ ಕಂಡಿತು. ತುಳಿಯಬೇಕಾಗಿರಲಿಲ್ಲ. ಕೇಳಲಿ ಬಿಡಿ, ಕೇಳುವುದು ಅವನ ಕೆಲಸ. ಯಾರು ಬೇಕಾದರೂ ಬಂದು ನಮ್ಮ ಬೆಲ್ ಒತ್ತಲಿ, ಏನು ಬೇಕಾದರೂ ಕೇಳಲಿ. ಬಾಗಿಲು ತೆಗೆಯುವುದನ್ನು ನಾನು ಬಿಡುವುದಿಲ್ಲ. ಮಂಡಿನೋವಿನ ಕಾಲೆಳೆದುಕೊಂಡು ನಾನು ಬಾಗಿಲಿಗೆ ಬರುವಷ್ಟರಲ್ಲಿ, ನನ್ನ ಉತ್ತರವನ್ನು ಅದು ಮೂರು ಸಲ ಹೇಳಿ ಮುಗಿಸಿರುತ್ತದೆ.